ರೆಕಾರ್ಡಿಂಗ್ ರಾಶಿಗೆ ಸಂಕೇತದ ಚೀಟಿ

ಸಂಗೀತ ಕಲಿಯುವವರ ಮೊಬೈಲಿನಲ್ಲಿ ಪಾಠದ ರೆಕಾರ್ಡಿಂಗ್‌ಗಳಿಗೆ ಬರವಿಲ್ಲ. ಬೇಕಾದಾಗ ಬೇಕಾದ್ದು ಸಿಗುವುದಿಲ್ಲ, ಅಷ್ಟೇ. ಫೋನು ತಾನಾಗಿ ಇಟ್ಟ ‘ರೆಕಾರ್ಡಿಂಗ್ 47’ ಎಂಬ ಹೆಸರಿನಿಂದ ಅದು ತೋಡಿಯೋ ಮೋಹನವೋ ತಿಳಿಯದು. ವಾಟ್ಸ್‌ಆ್ಯಪ್ ಫೈಲಿನ ಹೆಸರಿನಲ್ಲಿ ತಾರೀಖು ಇರುತ್ತದೆ ನಿಜ, ಆದರೆ ಅದು ಫೈಲು ಕೈಸೇರಿದ ದಿನ, ಹಾಡಿದ ದಿನವಲ್ಲ. ಅಟ್ಟದ ಮೇಲಿನ ಕ್ಯಾಸೆಟ್‌ಗಳ ಪಾಡೂ ಇದೇ. ಪ್ರತಿಯೊಂದಕ್ಕೂ ಉದ್ದುದ್ದ ವಿವರ ಬರೆಯಲು ಯಾರಿಗೂ ಪುರುಸೊತ್ತಿಲ್ಲ. ಅದಕ್ಕೆ ಚಿಕ್ಕ ಸಂಕೇತಗಳು ಬೇಕು. ಬಹುಪಾಲು ಸಂಕೇತಗಳನ್ನು ಕರ್ನಾಟಕ ಸಂಗೀತದ ಶಾಸ್ತ್ರವೇ ಸಿದ್ಧಮಾಡಿಟ್ಟಿದೆ.

1. ಕ್ರಮ ಗೊತ್ತುಮಾಡಿ
ತಾರೀಖು, ಸಂದರ್ಭ, ರಾಗ, ತಾಳ, ರಚನಕಾರ, ಕೃತಿ, ಶ್ರುತಿ, ಸ್ಥಿತಿ: ಎಂಟೂ ಸದಾ ಇದೇ ಸಾಲಿನಲ್ಲಿರಲಿ, ನಡುವೆ ಅಡಿಗೆರೆ ಇರಲಿ. ಸ್ಥಾನ ಬದಲಾಗದಿದ್ದರೆ ಒಂದೇ ಅಕ್ಷರ ಎರಡು ಕಡೆ ಬಂದರೂ ಗೊಂದಲವಿಲ್ಲ. ಸಂದರ್ಭಕ್ಕೆ ಪಾಠವಾದರೆ ಪಾ, ಅಭ್ಯಾಸವಾದರೆ ಅ, ಕಛೇರಿಯಾದರೆ ಕ, ರೇಡಿಯೋದಿಂದ ಹಿಡಿದದ್ದಾದರೆ ರೇ.

2. ತಾರೀಖಿನಲ್ಲಿ ವರ್ಷ ಮೊದಲು
ವರ್ಷ, ತಿಂಗಳು, ದಿನ ಎಂದು ಬರೆದರೆ (20240119) ಫೈಲುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಹಳೆಯ ಕ್ಯಾಸೆಟ್ಟಿನ ವರ್ಷ ಮಾತ್ರ ಗೊತ್ತಿದ್ದರೆ 19870000 ಎಂದರೆ ಸಾಕು.

3. ರಾಗಕ್ಕೆ ಮೇಳಸಂಖ್ಯೆ
72 ಮೇಳಕರ್ತ ರಾಗಗಳಿಗೂ ಸಂಖ್ಯೆಗಳಿವೆ. ಬಾಯಿಪಾಠ ಇಲ್ಲದವರಿಗೆ ಕಟಪಯಾದಿ ಸೂತ್ರವಿದೆ. ಮಾಯಾಮಾಳವಗೌಳದ ಮೊದಲೆರಡು ಅಕ್ಷರಗಳಲ್ಲಿ ‘ಮ’ 5, ‘ಯ’ 1. ತಿರುಗಿಸಿ ಓದಿದರೆ 15. ಹರಿಕಾಂಭೋಜಿಯಲ್ಲಿ ‘ಹ’ 8, ‘ರ’ 2, ಅದು 28. ಹನುಮತೋಡಿಯನ್ನು 8 ಎನ್ನದೆ 08 ಎಂದು ಬರೆಯಿರಿ, ಹುಡುಕುವಾಗ 28ರ ಜೊತೆ ಬೆರೆಯುವುದಿಲ್ಲ. ಜನ್ಯರಾಗವಾದರೆ ‘ಜ’ ಸೇರಿಸಿ ಹೆಸರು ಬರೆಯಿರಿ: 28ಜ-ಮೋಹನ, 29ಜ-ಹಂಸಧ್ವನಿ. ಗುರುತು ಸಿಗದ ರಾಗಕ್ಕೆ 00. ಬಲ್ಲವರು ಮನೆಗೆ ಬಂದ ದಿನ ‘_00_’ ಎಂದು ಹುಡುಕಿದರೆ ಅಂಥವೆಲ್ಲ ಒಟ್ಟಿಗೆ ಎದುರಾಗುತ್ತವೆ.

4. ತಾಳ ಮತ್ತು ರಚನಕಾರ
ತಾಳಕ್ಕೆ ಅಕ್ಷರಗಳ ಎಣಿಕೆ ಸಾಕು: ಆದಿ ಆ8, ರೂಪಕ ರೂ6, ಮಿಶ್ರಛಾಪು ಮಿ7, ಖಂಡಛಾಪು ಖಂ5. ರಚನಕಾರರಿಗೆ ಮೊದಲಕ್ಷರ: ತ್ಯಾ, ದೀ, ಶ್ಯಾ, ಪು. ಯಾರ ಕೃತಿಯೆಂದು ತಿಳಿಯದಿದ್ದರೆ ಚರಣದ ಕಡೆಗೆ ಕಿವಿಗೊಡಿ. ‘ಗುರುಗುಹ’ ಬಂದರೆ ಮುತ್ತುಸ್ವಾಮಿ ದೀಕ್ಷಿತರು, ‘ಕಾಗಿನೆಲೆ ಆದಿಕೇಶವ’ ಬಂದರೆ ಕನಕದಾಸರು.

5. ಶ್ರುತಿ ಮರೆಯಬೇಡಿ
ಐದು ಮನೆಯಾದರೆ 5ಮ, ಐದೂವರೆಯಾದರೆ 5.5ಮ. ಐದೂವರೆಯನ್ನು ‘5 1/2’ ಎಂದು ಬರೆಯಬೇಡಿ, ಓರೆಗೆರೆಯನ್ನು ಫೈಲಿನ ಹೆಸರಿನಲ್ಲಿ ಕಂಪ್ಯೂಟರು ಒಪ್ಪುವುದಿಲ್ಲ. ಕ್ಯಾಸೆಟ್‌ಗಳ ವಿಷಯದಲ್ಲಿ ಶ್ರುತಿಯ ವಿವರಕ್ಕೆ ಬೆಲೆ ಹೆಚ್ಚು. ಐದು ಮನೆಯಲ್ಲಿ ಹಾಡಿದ್ದು ಐದೂವರೆಯಲ್ಲಿ ಕೇಳಿಸಿದರೆ ಟೇಪು ಸುಮಾರು ಶೇ 6ರಷ್ಟು ವೇಗವಾಗಿ ಓಡುತ್ತಿದೆ ಎಂದರ್ಥ. ಕಂಪ್ಯೂಟರಿಗೆ ಇಳಿಸುವಾಗ ಸರಿಪಡಿಸಬಹುದು.

6. ಸ್ಥಿತಿ
ಪೂರ್ತಿ ಇದ್ದರೆ ಪೂ, ನಡುವೆ ಕಡಿದಿದ್ದರೆ ತುಂ, ಗದ್ದಲವಿದ್ದರೆ ಗ.

ಎಲ್ಲ ಸೇರಿದಾಗ ಚೀಟಿ ಹೀಗಿರುತ್ತದೆ:

20240119_ಪಾ_28ಜ-ಮೋಹನ_ಆ8_ತ್ಯಾ_ನನುಪಾಲಿಂಪ_5ಮ_ಪೂ

7. ಕ್ಯಾಸೆಟ್‌ಗಳಿಗೆ
ಹೆಸರಿನ ಮುಂದೆ ಕ್ಯಾಸೆಟ್ಟಿನ ಕ್ರಮಸಂಖ್ಯೆ, ಯಾವ ಮಗ್ಗುಲು ಎಂಬುದು ಬರಲಿ: 014ಎ, 014ಬಿ. ಕೃತಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಿಮಿಷದಲ್ಲಿ ಬರೆಯಿರಿ. ಕೌಂಟರಿನ ಅಂಕಿ ಒಂದೊಂದು ಪ್ಲೇಯರಿನಲ್ಲಿ ಒಂದೊಂದು ಬಗೆ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ 45 ನಿಮಿಷ ಎಂಬ ಲೆಕ್ಕ ನೆನಪಿರಲಿ. ಮಳೆಗಾಲದ ತೇವಕ್ಕೆ ಮಸಿ ಕದಡೀತು, ಪೆನ್ಸಿಲ್ ಒಳ್ಳೆಯದು. ಮೇಲಂಚಿನ ಎರಡೂ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಟ್ಟರೆ ಅಜ್ಜಿಯ ದೇವರನಾಮದ ಮೇಲೆ ಯಾರೂ ಅಪ್ಪಿತಪ್ಪಿ ಸಿನಿಮಾ ಹಾಡು ತುಂಬಲಾರರು.

8. ಬಾಯಿಮಾತಿನ ಚೀಟಿ
ಆಕಾಶವಾಣಿಯಲ್ಲಿ ಹಾಡಿಗೆ ಮುಂಚೆ ಕೃತಿ, ರಾಗ, ತಾಳ, ರಚನೆ ಹೇಳುವ ರೂಢಿಯಿದೆಯಲ್ಲ, ನೀವೂ ಗುಂಡಿ ಒತ್ತಿದೊಡನೆ ತಾರೀಖಿನ ಸಮೇತ ಅಷ್ಟನ್ನು ಹೇಳಿಬಿಡಿ. ಫೋನು ಬದಲಾಗಿ ಫೈಲಿನ ಹೆಸರು ಅಳಿದರೂ ಒಳಗಿನ ಮಾತು ಉಳಿಯುತ್ತದೆ.

9. ಕೀಲಿ ಬರೆದಿಡಿ
ಪ್ರತಿ ಸಂಕೇತದ ಅರ್ಥವನ್ನು ಒಂದು ಪುಟದಲ್ಲಿ ಬರೆದು, ‘000ಕೀಲಿ’ ಎಂಬ ಹೆಸರಿನಲ್ಲಿ ಫೋಲ್ಡರಿನ ತಲೆಯ ಮೇಲೇ ಇಡಿ. ಒಂದು ಪ್ರತಿ ಕ್ಯಾಸೆಟ್ ಡಬ್ಬದಲ್ಲಿರಲಿ. ಹಳೆಯ ನುಡಿ, ಬರಹ ಫಾಂಟುಗಳ ಬದಲು ಯೂನಿಕೋಡ್ ಬಳಸಿ. ಇಲ್ಲವಾದರೆ ಬೇರೆ ಯಂತ್ರದಲ್ಲಿ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ.

ಹಳೆಯದನ್ನೆಲ್ಲ ಮುಗಿಸಿ ಹೊಸದಕ್ಕೆ ಬರುತ್ತೇನೆಂದು ಕೂತರೆ ಕೆಲಸ ಸಾಗದು. ಇಂದಿನ ಪಾಠದಿಂದ ಶುರುಮಾಡಿ, ಹಳೆಯದನ್ನು ಕೇಳಿದಾಗಲೆಲ್ಲ ಒಂದೊಂದಕ್ಕೆ ಹೆಸರಿಡುತ್ತ ಬನ್ನಿ. ನಡುವೆ ಒಮ್ಮೆ ಸಂಗೀತ ಬಾರದ ಮನೆಯವರ ಕೈಗೆ ಕೀಲಿ ಕೊಟ್ಟು ಒಂದು ಚೀಟಿ ಓದಿಸಿ. ಅವರು ತಡವರಿಸಿದ ಕಡೆ ನಿಮ್ಮ ಸಂಕೇತ ಅತಿಯಾಗಿದೆ; ಅದನ್ನು ಬಿಡಿಸಿ ಬರೆಯಿರಿ.