ಯುವಜನರ ಪಾಠ: ದೇವರಿಗೆ ನಮ್ಮ ಸುಳ್ಳಿನ ಸಹಾಯ ಬೇಕಿಲ್ಲ

ಎಲ್ಲರೂ ಯೋಬನ ಪುಸ್ತಕ 42ನೇ ಅಧ್ಯಾಯ ತೆಗೆಯಿರಿ. 7ರಿಂದ 10ನೇ ವಚನದವರೆಗೆ ಮನಸ್ಸಿನಲ್ಲೇ ಓದಿಕೊಳ್ಳಿ. ಮೊಬೈಲ್‌ನಲ್ಲಿ ಓದುವವರು ವಾಟ್ಸಾಪ್ ಕಡೆ ಹೋಗಬೇಡಿ.

ಇವತ್ತಿನ ಪಾಠ ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. ನಮ್ಮ ಯುವಜನರ ಕೂಟಕ್ಕೆ ತಪ್ಪದೆ ಬರುತ್ತಿದ್ದ ಒಬ್ಬ ತಮ್ಮ ಇದ್ದಾನೆ. ಅವನ ಒಪ್ಪಿಗೆ ಕೇಳಿಯೇ ಇದನ್ನು ಹೇಳ್ತಿದ್ದೀನಿ, ಹೆಸರು ಮಾತ್ರ ಹೇಳಲ್ಲ. ಕೆಲಸಕ್ಕೆ ಹೋಗಿ ಬರುವಾಗ ಮೆಟ್ರೋದಲ್ಲಿ ವಿಜ್ಞಾನದ ಡಾಕ್ಯುಮೆಂಟರಿಗಳನ್ನು ನೋಡುವುದು ಅವನ ಅಭ್ಯಾಸ. ಭೂಮಿ ಹೇಗೆ ಹುಟ್ಟಿತು, ಜೀವ ಎಲ್ಲಿಂದ ಬಂತು, ಸಮುದ್ರದ ತಳದಲ್ಲಿ ಏನಿದೆ, ಇಂಥವು. ಒಂದು ದಿನ ಕೂಟ ಮುಗಿದ ಮೇಲೆ ಬಂದು, "ಅಣ್ಣಾ, ಭೂಮಿಗೆ 450 ಕೋಟಿ ವರ್ಷ ಅಂತಾರೆ. ನಾವು ಆದಿಕಾಂಡ ಓದ್ತೀವಿ. ನಾನು ಯಾವುದನ್ನು ನಂಬಲಿ?" ಅಂದ.

ನಾನೇನು ಮಾಡಿದೆ ಗೊತ್ತಾ? ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ನಾಸಾ ಕಂಪ್ಯೂಟರ್‌ನ ಲೆಕ್ಕದಲ್ಲಿ ಒಂದು ದಿನ ಕಾಣೆಯಾಗಿತ್ತು, ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ಸಂಗತಿಯಿಂದ ಆ ಲೆಕ್ಕ ಸರಿಹೋಯಿತು ಅನ್ನುವ ಕಥೆ ಇದೆಯಲ್ಲ, ಅದನ್ನು ಹೇಳಿ, "ನೋಡು ತಮ್ಮಾ, ವಿಜ್ಞಾನವೇ ಬೈಬಲ್ ಮುಂದೆ ತಲೆಬಾಗಿದೆ" ಅಂದುಬಿಟ್ಟೆ. ಆ ಕಥೆಯನ್ನು ನಾನು ಪ್ರಸಂಗದಲ್ಲೂ ಹೇಳಿದ್ದೆ, ಫಾರ್ವರ್ಡ್ ಕೂಡ ಮಾಡಿದ್ದೆ.

ಅವನು ಅಲ್ಲೇ ಫೋನಿನಲ್ಲಿ ಹುಡುಕಿದ. ಆ ಕಥೆ ಸುಳ್ಳು. ನಾಸಾದವರೇ ಅದನ್ನು ಅಲ್ಲಗಳೆದಿದ್ದಾರೆ. ಅವನು ನನ್ನ ಮೇಲೆ ರೇಗಲಿಲ್ಲ. ಮೆಲ್ಲಗೆ ಒಂದೇ ಮಾತು ಕೇಳಿದ: "ಇದು ಸುಳ್ಳಾದರೆ, ನೀವು ಹೇಳಿದ ಬೇರೆ ವಿಷಯಗಳನ್ನು ನಾನು ಹೇಗೆ ನಂಬಲಿ ಅಣ್ಣಾ?" ಆಮೇಲೆ ಎರಡು ತಿಂಗಳು ಅವನು ಸಭೆಗೆ ಬರಲಿಲ್ಲ.

ದೇವರ ಮಕ್ಕಳೇ, ಅವನನ್ನು ಸಭೆಯಿಂದ ದೂರ ಮಾಡಿದ್ದು ಡಾಕ್ಯುಮೆಂಟರಿ ಅಲ್ಲ, ನನ್ನ ಉತ್ತರ.

ಈಗ ವಾಕ್ಯಕ್ಕೆ ಬನ್ನಿ. ಯೋಬನಿಗೆ ಮೂವರು ಸ್ನೇಹಿತರು. ಎಲೀಫಜ, ಬಿಲ್ದದ, ಚೋಫರ. ಮೂವರೂ ದೇವರ ಪರವಾಗಿಯೇ ವಾದ ಮಾಡಿದರು. ಪ್ರಶ್ನೆ ಕೇಳಿದವನು, ಅತ್ತವನು, ದೇವರ ಜೊತೆಗೇ ವಾದಕ್ಕೆ ನಿಂತವನು ಯೋಬ. ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ಯಾರ ಮೇಲೆ? ಆ ಸ್ನೇಹಿತರ ಮೇಲೆ! ತನ್ನ ವಿಷಯದಲ್ಲಿ ಅವರು ಸರಿಯಾಗಿ ಮಾತಾಡಲಿಲ್ಲ ಅಂತ ದೇವರು ಹೇಳ್ತಾನೆ. 13ನೇ ಅಧ್ಯಾಯದಲ್ಲಿ ಯೋಬನು ಅವರನ್ನು ಮೊದಲೇ ಕೇಳಿದ್ದ, ದೇವರಿಗೋಸ್ಕರ ನೀವು ಸುಳ್ಳು ಹೇಳ್ತೀರಾ ಅಂತ. ಅದನ್ನು ಓದಿದಾಗ ನನಗೆ ನನ್ನ ನಾಸಾ ಕಥೆ ನೆನಪಾಯಿತು.

ಸ್ನೇಹಿತರು ಯೋಬನ ಹತ್ತಿರ ಹೋಗಬೇಕು, ಅವನು ಅವರಿಗಾಗಿ ಪ್ರಾರ್ಥಿಸಬೇಕು ಅಂತ ದೇವರು ಆಜ್ಞೆ ಕೊಟ್ಟ. ಹಾಗಾಗಿ ನಾನೂ ಆ ತಮ್ಮನ ಪಿಜಿಗೆ ಹೋದೆ. ಕ್ಷಮೆ ಕೇಳಿದೆ. "ನೀನು ನೋಡುವುದನ್ನು ನನಗೂ ತೋರಿಸು" ಅಂದೆ. ನಾಲ್ಕು ಶನಿವಾರ ಜೊತೆಯಲ್ಲಿ ಕೂತು ನೋಡಿದೆವು. ನಾನು ಕಲಿತದ್ದನ್ನು ಮೂರು ಮಾತಿನಲ್ಲಿ ಹೇಳ್ತೀನಿ.

ಮೊದಲನೆಯದು: ಕಂಡದ್ದು ಬೇರೆ, ಊಹಿಸಿದ್ದು ಬೇರೆ, ತೀರ್ಪು ಕೊಟ್ಟದ್ದು ಬೇರೆ. 1953ರಲ್ಲಿ ಷಿಕಾಗೋದಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ವಿದ್ಯಾರ್ಥಿ ತನ್ನ ಗುರು ಹೆರಾಲ್ಡ್ ಯೂರಿಯವರ ಪ್ರಯೋಗಾಲಯದಲ್ಲಿ ಮಾಡಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ನೀರಿನ ಆವಿ, ಮೀಥೇನ್, ಅಮೋನಿಯಾ, ಹೈಡ್ರೋಜನ್ ತುಂಬಿದ ಗಾಜಿನ ಉಪಕರಣದಲ್ಲಿ ಮಿಂಚಿನ ಹಾಗೆ ವಿದ್ಯುತ್ ಕಿಡಿ ಹಾರಿಸಿದರು. ಒಂದು ವಾರದಲ್ಲಿ ಅಮೈನೋ ಆಮ್ಲಗಳು ಸಿಕ್ಕವು. ಇದು ಕಂಡದ್ದು, ನಿಜ. ಆದಿಯಲ್ಲಿ ಭೂಮಿಯ ಗಾಳಿಯೂ ಹಾಗೇ ಇತ್ತು ಅನ್ನುವುದು ಊಹೆ. ಅದನ್ನು ಆಮೇಲೆ ವಿಜ್ಞಾನಿಗಳೇ ಪ್ರಶ್ನಿಸಿದರು. "ಹಾಗಾದರೆ ಸೃಷ್ಟಿಕರ್ತ ಬೇಕಿಲ್ಲ" ಅನ್ನುವುದು ತೀರ್ಪು. ಅದು ಆ ಗಾಜಿನ ಪಾತ್ರೆಯಲ್ಲಿ ಸಿಕ್ಕಿದ್ದಲ್ಲ. ಹಿನ್ನೆಲೆ ಸಂಗೀತ ಜೋರಾದಾಗ ಈ ಮೂರೂ ಒಂದೇ ಥರ ಕೇಳಿಸುತ್ತವೆ. ಎಚ್ಚರವಾಗಿ ಕೇಳಿ.

ಎರಡನೆಯದು: ವಿಜ್ಞಾನಕ್ಕೆ ಗೊತ್ತಿಲ್ಲದ ಜಾಗದಲ್ಲಿ ಮಾತ್ರ ದೇವರನ್ನು ಕೂರಿಸಬೇಡಿ. ಅಮೈನೋ ಆಮ್ಲದಿಂದ ಜೀವಕೋಶದವರೆಗೆ ಬಹಳ ದೂರ ಇದೆ, ಅದು ಹೇಗಾಯಿತು ಅಂತ ಇನ್ನೂ ಯಾರೂ ತೋರಿಸಿಲ್ಲ. ತಕ್ಷಣ ನಾವು "ನೋಡಿ, ಅಲ್ಲಿದ್ದಾನೆ ದೇವರು" ಅಂತೀವಿ. ನಾಳೆ ಯಾರಾದರೂ ತೋರಿಸಿಬಿಟ್ಟರೆ? ದೇವರು ಅಲ್ಲಿಂದ ಎದ್ದು ಹೋಗ್ತಾನಾ? ಮಳೆ ಹೇಗೆ ಬರುತ್ತೆ ಅಂತ ಸ್ಕೂಲಿನಲ್ಲೇ ಕಲಿತಿದ್ದೀವಿ. ಆದರೂ ಮಳೆ ಬಂದಾಗ ಸ್ತೋತ್ರ ಹೇಳ್ತೀವಲ್ವಾ?

1977ರಲ್ಲಿ ಗಲಪಗೋಸ್ ದ್ವೀಪಗಳ ಹತ್ತಿರ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ಆಳಕ್ಕೆ ಇಳಿದವರು ಬಿಸಿನೀರಿನ ಬುಗ್ಗೆಗಳನ್ನು ಕಂಡರು. ಸೂರ್ಯನ ಬೆಳಕೇ ತಲುಪದ ಜಾಗ, ಅಲ್ಲಿ ಜೀವಿಗಳ ಗುಂಪೇ ಇತ್ತು. ಬುಗ್ಗೆಯ ರಾಸಾಯನಿಕಗಳಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ ಅವಕ್ಕೆ ಆಧಾರ. ಜೀವ ಇಂಥ ಜಾಗದಲ್ಲೇ ಶುರುವಾಗಿರಬಹುದು ಅಂತ ಕೆಲವು ವಿಜ್ಞಾನಿಗಳು ಹೇಳ್ತಾರೆ. ಯೋಬ 38ರಲ್ಲಿ ದೇವರು ಸಮುದ್ರದ ಬುಗ್ಗೆಗಳ ಬಗ್ಗೆ ಕೇಳ್ತಾನೆ. "ಬೈಬಲ್ ಮೊದಲೇ ಹೇಳಿತ್ತು!" ಅಂತ ಪೋಸ್ಟರ್ ಮಾಡಲು ನನಗೂ ಕೈ ತುರಿಸಿತು. ಆದರೆ ದೇವರು ಅದನ್ನು ಕೇಳಿದ್ದು ಯೋಬನಿಗೆ ಸೈನ್ಸ್ ಪಾಠ ಮಾಡಲು ಅಲ್ಲ. "ನೀನು ಕಾಣದ ಕಡೆಯಲ್ಲೂ ನಾನಿದ್ದೇನೆ" ಅಂತ ತೋರಿಸಲು. ಆ ದೃಶ್ಯ ನೋಡುವಾಗ ಫಾರ್ವರ್ಡ್ ಮಾಡಬೇಡಿ, ಸುಮ್ಮನೆ ಆರಾಧಿಸಿ.

ಮೂರನೆಯದು: ಸತ್ಯಕ್ಕಾಗಿ ಕಷ್ಟಪಡುವವರಿಂದ ಕಲಿಯಿರಿ. 2014ರ "ಕಾಸ್ಮೋಸ್" ಸರಣಿಯಲ್ಲಿ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿಯ ಕಥೆ ಬರುತ್ತೆ. ಯುರೇನಿಯಂ ನಿಧಾನವಾಗಿ, ಒಂದೇ ವೇಗದಲ್ಲಿ ಸೀಸವಾಗಿ ಬದಲಾಗುತ್ತೆ. ಉಲ್ಕಾಶಿಲೆಯಲ್ಲಿರುವ ಸೀಸವನ್ನು ಅಳೆದು ಭೂಮಿಯ ವಯಸ್ಸು ಕಂಡುಹಿಡಿಯಲು ಅವರು ಹೊರಟರು. ಲೆಕ್ಕ ಸರಿಬರಲಿಲ್ಲ. ಯಾಕಂದ್ರೆ ಅವರ ಲ್ಯಾಬಿನ ಗಾಳಿಯಲ್ಲಿ, ಧೂಳಿನಲ್ಲಿ, ಎಲ್ಲದರಲ್ಲೂ ಹೊರಗಿನ ಸೀಸ ಸೇರಿತ್ತು. ಮೊದಲು ತಮ್ಮ ಕೋಣೆಯನ್ನೇ ಶುದ್ಧ ಮಾಡಿಕೊಂಡರು, ಅದಕ್ಕೆ ವರ್ಷಗಳೇ ಹಿಡಿದವು. ಆಮೇಲೆ 1956ರಲ್ಲಿ ಸುಮಾರು 455 ಕೋಟಿ ವರ್ಷ ಅಂತ ಪ್ರಕಟಿಸಿದರು. ಒಂದು ಸಂಖ್ಯೆ ಹೇಳುವ ಮುಂಚೆ ಅವರು ಅಷ್ಟು ಶುದ್ಧ ಮಾಡಿಕೊಂಡರು. ನಾನು ಪ್ರಸಂಗಪೀಠದಿಂದ ಒಂದು ಕಥೆ ಹೇಳುವ ಮುಂಚೆ ಎರಡು ನಿಮಿಷ ಪರೀಕ್ಷಿಸಲಿಲ್ಲ.

ಹಾಗಾದರೆ ಆದಿಕಾಂಡ? ನೇರವಾಗಿ ಹೇಳ್ತೀನಿ. ಆರು ದಿನ ಅಂದರೆ 24 ಗಂಟೆಯ ಆರು ದಿನವೇ ಅಂತ ನಂಬುವ ದೇವಭಕ್ತರು ನಮ್ಮ ಸಭೆಯಲ್ಲೇ ಇದ್ದಾರೆ. ಅವು ದೀರ್ಘ ಕಾಲಗಳು ಅಂತ ನಂಬುವವರೂ ಇದ್ದಾರೆ. ಇಬ್ಬರೂ ಒಂದೇ ರೊಟ್ಟಿ ಮುರಿಯುತ್ತಾರೆ. ಲಾಲ್‌ಬಾಗ್ ಬಂಡೆಯ ಹತ್ತಿರ ಇರುವ ಫಲಕ ಅದಕ್ಕೆ ಸುಮಾರು 300 ಕೋಟಿ ವರ್ಷ ಅನ್ನುತ್ತೆ. ಆ ಬಂಡೆ ಹತ್ತಿದರೆ ನಿಮ್ಮ ರಕ್ಷಣೆ ಹೋಗಲ್ಲ. ನಮ್ಮ ನಂಬಿಕೆಯ ಅಸ್ತಿವಾರ ಎಲ್ಲಿದೆ ಅಂತ ಪೌಲನು 1 ಕೊರಿಂಥ 15ರಲ್ಲಿ ಹೇಳಿದ್ದಾನೆ: ಕ್ರಿಸ್ತನು ಎದ್ದುಬಂದನು. ಆದಿಕಾಂಡದ ಮೊದಲ ಅಧ್ಯಾಯ ಆ ಕರ್ತನು ಯಾರು ಅಂತ ಸಾರುತ್ತೆ. ಎಷ್ಟು ವರ್ಷ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಆ ತಮ್ಮನಿಗೂ ಇದನ್ನೇ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಇದನ್ನು ಮೊದಲೇ ಹೇಳಿದ್ದರೆ ಸಾಕಿತ್ತಲ್ಲಾ ಅಣ್ಣಾ" ಅಂದ.

ಕೊನೆಯ ಶನಿವಾರ ನಾನು ಅವನಿಗೆ, "ನನಗಾಗಿ ಪ್ರಾರ್ಥನೆ ಮಾಡ್ತೀಯಾ?" ಅಂದೆ. "ನನಗೇ ಈಗ ಪ್ರಾರ್ಥನೆ ಬರ್ತಿಲ್ಲ" ಅಂದ. ಆದರೂ ತಲೆ ಬಗ್ಗಿಸಿ, "ಕರ್ತನೇ, ನೀನಿದ್ದರೆ ಅಣ್ಣನಿಗೂ ನನಗೂ ಸತ್ಯ ತೋರಿಸು" ಅಂತ ಹೇಳಿದ. ಅಷ್ಟೇ. ನಾನು ಆಮೆನ್ ಅಂದೆ. ಈಗ ಕೆಲವು ಭಾನುವಾರ ಬರ್ತಾನೆ, ಕೆಲವು ಭಾನುವಾರ ಬರಲ್ಲ. ಪ್ರಶ್ನೆಗಳು ಇನ್ನೂ ಇವೆ, ನನಗೆ ಫೋನ್ ಮಾಡಿ ಕೇಳ್ತಾನೆ. ಅದಕ್ಕಾಗಿ ದೇವರಿಗೆ ಸ್ತೋತ್ರ.

ಈ ವಾರ ನಿಮಗೊಂದು ಕೆಲಸ. ನಂಬದಿರುವ ಒಬ್ಬ ಸ್ನೇಹಿತನ ಜೊತೆ ಕೂತು ಒಂದು ಡಾಕ್ಯುಮೆಂಟರಿ ನೋಡಿ. ಕಂಡದ್ದು, ಊಹಿಸಿದ್ದು, ತೀರ್ಪು ಕೊಟ್ಟದ್ದು ಅಂತ ಮೂರು ಪಟ್ಟಿ ಬರೆಯಿರಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಪರೀಕ್ಷಿಸದ ಫಾರ್ವರ್ಡ್ ಇದ್ದರೆ ಇವತ್ತೇ ಅಳಿಸಿ.

ಕಣ್ಣು ಮುಚ್ಚೋಣ. ತಂದೆಯೇ, ಸಮುದ್ರದ ಆಳವೂ ಬಂಡೆಯ ವಯಸ್ಸೂ ನಿನಗೆ ಗೊತ್ತು. ನಿನ್ನ ಹೆಸರಿನಲ್ಲಿ ನಾವು ಹೇಳಿದ ಸುಳ್ಳುಗಳನ್ನು ಕ್ಷಮಿಸು. ನಮ್ಮ ಉತ್ತರಗಳಿಂದ ನೊಂದು ದೂರ ಹೋದವರ ಮನೆಗೆ ನಾವೇ ನಡೆದು ಹೋಗುವಂತೆ ಮಾಡು. ಪವಿತ್ರಾತ್ಮನೇ, ನಮ್ಮನ್ನು ಸರ್ವಸತ್ಯದ ಕಡೆಗೆ ನಡೆಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.