ವಧುವಿನ ಮುಖವೂ ಬೇಸಗೆಯ ಬೆಳಕೂ

ಈಸ್ಟರ್ ಹಬ್ಬವು ಕಳೆದೊಡನೆ ನಮ್ಮ ಹಳೆಯ ವಿದ್ಯಾರ್ಥಿನಿಯರ ವಿವಾಹಪತ್ರಿಕೆಗಳು ಅಬ್ಬಿಗೆರೆಗೆ ಬರತೊಡಗುತ್ತವೆ. ಕೆಲವರ ವಿವಾಹವು ಬೆಂಗಳೂರಿನ ಸಂತ ಮಾರ್ಕರ ಕೆಥೀಡ್ರಲಿನಲ್ಲಿ ಜರಗುವುದುಂಟು. 1812ರಲ್ಲಿ ಪೂರ್ಣಗೊಂಡು 1816ರಲ್ಲಿ ಪ್ರತಿಷ್ಠಿತವಾದ ಆ ದೇವಾಲಯವು 1923ರಲ್ಲಿ ಬೆಂಕಿಗೆ ತುತ್ತಾಗಿ, 1927ರಲ್ಲಿ ಪುನಃ ತೆರೆಯಲ್ಪಟ್ಟಿತು. ಅಂತಹ ಸ್ಥಳದಲ್ಲಿ ತೆಗೆದ ಚಿತ್ರದಲ್ಲಿಯೂ ಕಟ್ಟಡವು ಚೆನ್ನಾಗಿ ಮೂಡಿ, ವಧುವಿನ ಮುಖವು ಮಸುಕಾಗುವುದೇಕೆ?

ಕಾರಣಗಳು ಎರಡು. ಏಪ್ರಿಲ್ ತಿಂಗಳ ಕೊನೆಯಲ್ಲಿ ಸೂರ್ಯನು ಬೆಂಗಳೂರಿನ ನಡುನೆತ್ತಿಗೆ ಬರುವುದರಿಂದ, ಮಧ್ಯಾಹ್ನದಲ್ಲಿ ಹುಬ್ಬಿನ ನೆರಳು ಕಣ್ಣುಗಳನ್ನು ಮುಚ್ಚುತ್ತದೆ. ಎರಡನೆಯದಾಗಿ, ಬಿಳಿಯ ಸೀರೆಯನ್ನು ಕಂಡ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದೆಣಿಸಿ ಚಿತ್ರವನ್ನೆಲ್ಲ ಮಂಕಾಗಿಸುತ್ತದೆ. ಆದುದರಿಂದ ಬೆಳಕಿನ ಅಳತೆಯನ್ನು ಸೀರೆಯಿಂದಲ್ಲ, ಮುಖದಿಂದಲೇ ತೆಗೆದುಕೊಳ್ಳತಕ್ಕದ್ದು. ಹೊರಗಿನ ಚಿತ್ರಗಳನ್ನು ಕಟ್ಟಡದ ನೆರಳಿನಲ್ಲಾಗಲಿ, ಸಾಯಂಕಾಲದ ಇಳಿಬಿಸಿಲಿನಲ್ಲಾಗಲಿ ತೆಗೆಯತಕ್ಕದ್ದು. ಒಳಗೆ, ವಧೂವರರು ಪ್ರತಿಜ್ಞೆ ಮಾಡುವಾಗ, ಫ್ಲಾಷ್ ಬೆಳಗಿಸಕೂಡದು.

ಮಸುಕಾದ ಮುಖವನ್ನು ಸ್ಟುಡಿಯೋದಲ್ಲಿ ಬೆಳ್ಳಗೆ ಮಾಡಿಸುವುದು ಪರಿಹಾರವಲ್ಲ. ಒಬ್ಬ ತಾಯಿಯವರು ಅಂತಹ ಚಿತ್ರವೊಂದನ್ನು ನಮ್ಮ ಮೇಜಿನ ಮೇಲಿಟ್ಟು, "ಟೀಚರಮ್ಮ, ಇವಳು ನನ್ನ ಮಗಳಲ್ಲ" ಎಂದು ಕಣ್ಣೀರಿಟ್ಟರು. ಶಾಲೆಯಲ್ಲಿ ಎಂಟು ವರುಷ ಕಂಡ ಆ ಶ್ಯಾಮಲ ಮುಖವನ್ನು ನಾವೂ ಗುರುತಿಸಲಾರದೆ ಹೋದೆವು.

ತಾಯಿತಂದೆಗಳೇ, ಚಿತ್ರಗಾರನಿಗೆ ಮೊದಲೇ ಹೇಳಿರಿ: ನೀವು ಹೆತ್ತ ಮುಖವು, ನಾವು ಪಾಠ ಹೇಳಿದ ಮುಖವು, ಚಿತ್ರದಲ್ಲಿಯೂ ಅದೇ ಆಗಿರಲಿ.