ರಾಮನಾಥಪುರದ ಮೀನುಗಳನ್ನು ನೋಡಹೋಗುವವರಿಗೆ

ಕೊಡಗಿನ ಬೆಟ್ಟಗಳನ್ನಿಳಿದು, ಕೂಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡು, ಕೊಣನೂರಿನ ಸೀಮೆಯನ್ನು ಹಾದು ಬರುವ ಕಾವೇರಿಯು ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ರಾಮೇಶ್ವರ ದೇವಾಲಯದ ಮಗ್ಗುಲಲ್ಲಿ, ಆಳವಾಗಿ ಮಡುಗಟ್ಟಿ ನಿಲ್ಲುತ್ತದೆ. ಇದೇ ವಹ್ನಿಪುಷ್ಕರಿಣಿ. ಊರೊಳಗೆ ಕಲ್ಲು ಕಟ್ಟಿದ ಕಲ್ಯಾಣಿಯನ್ನು ಹುಡುಕುತ್ತ ಅಲೆಯುವವರನ್ನು ಕಂಡಿದ್ದೇನೆ. ದೇವಾಲಯದಿಂದ ನೇರವಾಗಿ ಹೊಳೆಗೆ ಇಳಿದರೆ ಸಾಕು. ಇಲ್ಲಿಯ ಮೀನುಗಳು ದೇವರ ಮೀನುಗಳೆಂಬ ಶ್ರದ್ಧೆಯಿಂದ ತಲೆತಲಾಂತರದಿಂದ ರಕ್ಷಿತವಾಗಿವೆ. ಸರ್ಕಾರದ ಮತ್ಸ್ಯಧಾಮಗಳ ಸಾಲಿನಲ್ಲಿಯೂ ಈ ಮಡುವು ಸೇರಿದೆ. ಗಾಳ, ಬಲೆಗಳ ಮಾತೇ ಇಲ್ಲಿ ಕೂಡದು.

ಮೊದಲು ಕಾಲವನ್ನು ಆರಿಸಿಕೊಳ್ಳಬೇಕು. ಮುಂಗಾರಿನಲ್ಲಿ ಹೊಳೆಯು ಕೆಂಪಾಗಿ ಹರಿಯುವುದರಿಂದ ಮೀನು ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ರಾಮನಾಥಪುರದಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕೊಡಗಿನ ಮಳೆಯಿಂದಲೋ ಹಾರಂಗಿ ಜಲಾಶಯದಿಂದ ಬಿಟ್ಟ ನೀರಿನಿಂದಲೋ ಹೊಳೆ ಏರಿಬಿಡಬಹುದಾದ್ದರಿಂದ, ಆ ದಿನಗಳಲ್ಲಿ ಸೋಪಾನದ ಕೆಳಮೆಟ್ಟಿಲುಗಳಿಗೆ ಇಳಿಯಲೇಬಾರದು. ಕಾರ್ತಿಕ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ಹೊತ್ತೇರಿ ಬಿಸಿಲು ನೀರಿನಾಳಕ್ಕೆ ಇಳಿಯುವ ವೇಳೆಯೇ ನೋಡಲು ಪ್ರಶಸ್ತ.

ಇನ್ನು ಮುಖ್ಯವಾದದ್ದು ಆಹಾರದ ವಿಷಯ. ಯಾತ್ರಿಕರಲ್ಲಿ ಬಹುಮಂದಿ ತಪ್ಪುವುದು ಇಲ್ಲಿಯೇ. ಪುರಿಯ ಪೊಟ್ಟಣವೊಂದನ್ನು ಕೊಂಡು, ಮೆಟ್ಟಿಲ ಮೇಲೆ ನಿಂತು, ಒಮ್ಮೆಗೇ ಇಡಿಯಾಗಿ ಸುರಿದು, ಮೀನುಗಳ ನೂಕುನುಗ್ಗಲನ್ನು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಅವರು ಹೋದ ಮೇಲೆ ಅಲ್ಲಿಯೇ ನಿಂತು ನೋಡಿದರೆ ನಿಜ ತಿಳಿಯುತ್ತದೆ. ಮುತ್ತಿಕೊಂಡಿದ್ದ ಮೀನುಗಳು ತುಸು ಹೊತ್ತಿನಲ್ಲಿಯೇ ಚದುರುತ್ತವೆ. ನೀರು ಕುಡಿದು ಮೆತ್ತಗಾದ ಪುರಿಯನ್ನು ಒಂದು ಮೀನು ಬಾಯಿಗೆಳೆದುಕೊಂಡು ಮತ್ತೆ ಹೊರಕ್ಕೆ ಉಗುಳುತ್ತದೆ. ಉಳಿದದ್ದೆಲ್ಲ ಅಲೆಯೊಡನೆ ದಡಕ್ಕೆ ಬಂದು ಪಾಚಿ ಕಟ್ಟಿದ ಕಲ್ಲಿನ ಅಂಚಿಗೆ ಬಿಳಿಯ ಗೆರೆಯಾಗಿ ಅಂಟಿಕೊಂಡು ಹುಳಿಯುತ್ತದೆ. ಹೀಗೆ ಕೊಳೆಯುವ ಪ್ರತಿ ಹಿಡಿ ಅನ್ನವೂ ನೀರಿನಲ್ಲಿ ಕರಗಿರುವ, ಮೀನು ಉಸಿರಾಡಬೇಕಾದ, ಆಮ್ಲಜನಕವನ್ನೇ ಕಬಳಿಸುತ್ತದೆ. ಬೇಸಗೆಯಲ್ಲಿ ಇದರ ಕೇಡು ಇಮ್ಮಡಿ: ಮೇಲುಗಡೆ ಕಟ್ಟೇಪುರದ ಅಣೆಯಲ್ಲಿ ನೀರು ನಾಲೆಗಳಿಗೆ ತಿರುಗಿ ಹೊಳೆ ಬಡವಾಗಿರುವಾಗ ಕೊಳೆಯನ್ನು ಕೊಚ್ಚಿಕೊಂಡು ಹೋಗುವ ಹರಿವೇ ಇರುವುದಿಲ್ಲ, ಬಿಸಿಯಾದ ನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದೂ ಕಡಮೆ.

ಕಾವೇರಿಯ ಹೆಸರಾಂತ ಮಹಶೀರ್ ಮೀನನ್ನೇ ನೋಡಿ: ದಪ್ಪ ತುಟಿ, ಬಾಯಿಯ ಬಳಿ ಎರಡು ಜೊತೆ ಮೀಸೆ, ಗಂಟಲೊಳಗೆ ಅರೆಯುವ ಹಲ್ಲು. ತಳದ ಕಲ್ಲುಗಳ ಸಂದಿಯಲ್ಲಿ ಹುಳುಹುಪ್ಪಟೆ, ಏಡಿ, ಬಸವನಹುಳು, ದಡದ ಮರಗಳಿಂದುದುರಿದ ಹಣ್ಣು ಇವುಗಳನ್ನರಸಿ ತಿನ್ನಲೆಂದು ಸೃಷ್ಟಿಯು ಕೊಟ್ಟ ಸಲಕರಣೆ ಇದು. ಆದಕಾರಣ ಯಾತ್ರಿಕನು ಏನೂ ಹಾಕದಿದ್ದರೆ ಮೀನು ಉಪವಾಸ ಬೀಳುವುದೆಂಬ ಕನಿಕರಕ್ಕೆ ಆಧಾರವಿಲ್ಲ. ಹಾಕದಿರುವುದೇ ಉತ್ತಮವೆಂಬುದು ನನ್ನ ಮತ. ಹರಕೆಯಿದ್ದು ಹಾಕಲೇಬೇಕಾದವರು ಒಂದು ಮುಷ್ಟಿಯಷ್ಟನ್ನು ಮಾತ್ರ ತೆಗೆದುಕೊಂಡು, ಚಿಟಿಕೆ ಚಿಟಿಕೆಯಾಗಿ ಹಾಕಿ, ಹಾಕಿದ್ದು ಮುಗಿಯಿತೆಂದು ಕಂಡ ಮೇಲೆಯೇ ಮುಂದಿನ ಚಿಟಿಕೆಗೆ ಕೈಯಿಡಬೇಕು. ಬಿಸ್ಕತ್ತು, ಬ್ರೆಡ್ಡು, ಎಣ್ಣೆಯಲ್ಲಿ ಕರಿದ ಬೋಂಡಾ, ಖಾರ ಹಚ್ಚಿದ ಪುರಿ ಇವು ಸರ್ವಥಾ ಸಲ್ಲವು. ಪ್ಲಾಸ್ಟಿಕ್ ಕವರನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳಿ. ಮೆಟ್ಟಿಲ ಮೇಲೆ ಕಲ್ಲು ಹೇರಿ ಇಟ್ಟು ಹೋದ ಕವರು ಗಾಳಿ ಬೀಸಿದೊಡನೆ ಹೊಳೆಯ ಪಾಲು.

ನೋಡುವುದಕ್ಕೂ ಒಂದು ಕ್ರಮವುಂಟು. ಸೂರ್ಯನಿಗೆ ಬೆನ್ನು ಮಾಡಿದರೆ ನಮ್ಮ ನೆರಳು ನೀರಿನ ಮೇಲೆ ಬಿದ್ದು ಮೀನು ಹಿಂಜರಿಯುವುದರಿಂದ, ಬಿಸಿಲು ಪಕ್ಕಕ್ಕಿರುವಂತೆ ಕುಳಿತು, ಕಾಲು ಬಡಿಯದೆ ಕಾಯಬೇಕು. ಮೊದಲು ಮರಿಗಳೂ ಸಣ್ಣ ಮೀನುಗಳೂ ಬರುತ್ತವೆ. ದೊಡ್ಡವು ತಳದಿಂದ ಮಂದಗತಿಯಲ್ಲಿ ಮೇಲೆದ್ದು, ಹೊರಳಿ, ಬಟ್ಟಲು ಬಟ್ಟಲಾದ ಹುರುಪೆಗಳನ್ನು ಕ್ಷಣಕಾಲ ಮಿಂಚಿಸಿ ಮರೆಯಾಗುತ್ತವೆ. ಅವಸರದವರಿಗೆ ಈ ದರ್ಶನ ದುರ್ಲಭ.

ಮಡುವಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡುವುದು, ಬಟ್ಟೆ ಒಗೆಯುವುದು, ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡುವುದು ಬೇಡ. ಮಡುವೊಂದರಲ್ಲಿ ಒತ್ತಾಗಿ ನೆಲಸಿದ ಮೀನಿನ ಸಂಸಾರ ಎಷ್ಟು ಸುಲಭವಾಗಿ ಅಳಿಯಬಲ್ಲದೆಂಬುದಕ್ಕೆ ದಕ್ಷಿಣ ಕನ್ನಡದ ಶಿಶಿಲವೇ ಸಾಕ್ಷಿ: 1996ರಲ್ಲಿ ಅಲ್ಲಿಯ ಕಪಿಲಾ ನದಿಗೆ ದುಷ್ಕರ್ಮಿಗಳು ವಿಷವಿಕ್ಕಿದಾಗ ದೇವಾಲಯದ ಮೀನುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು; ಅವುಗಳ ಹೆಸರಿನಲ್ಲಿ ಸ್ಮಾರಕವನ್ನೇ ಕಟ್ಟಿದ್ದಾರೆ.

ಬಂಡೆಗಳು ಜಾರುತ್ತವೆ, ಮಡುವು ಆಳ. ಮಕ್ಕಳ ಕೈ ಬಿಡಬೇಡಿ. ಅರಕಲಗೂಡಿನಿಂದ ಬಸ್ಸುಗಳುಂಟು. ಸುಬ್ರಹ್ಮಣ್ಯ ಸ್ವಾಮಿಯ ಗುಡಿಯೂ ಇದೇ ಊರಿನಲ್ಲಿದೆ. ಮಾರ್ಗಶಿರ ಷಷ್ಠಿಯ ರಥೋತ್ಸವಕ್ಕೆ ಜನ ಕಿಕ್ಕಿರಿಯುವುದರಿಂದ, ಮೀನು ನೋಡುವ ಉದ್ದೇಶವುಳ್ಳವರು ಜಾತ್ರೆ ಮುಗಿದ ಮೇಲೆ, ವಾರದ ನಡುವಿನ ದಿನವೊಂದರಲ್ಲಿ ಬರುವುದು ಲೇಸು.